ಸಿಗ್ನಲ್ ಅಕ್ವಿಸಿಷನ್: ಜಿಪಿಎಸ್‌ನ ಮೊದಲ ಹುಡುಕಾಟ

ಜಿಪಿಎಸ್ ರಿಸೀವರ್ ಆನ್ ಆದ ಕೂಡಲೇ ಮಾಡುವ ಹುಡುಕಾಟಕ್ಕೆ ಅಕ್ವಿಸಿಷನ್ ಅಂತಾರೆ. ಈಗ ಆಕಾಶದಲ್ಲಿ ಯಾವ ಯಾವ ಉಪಗ್ರಹ ಕಾಣ್ತಿದೆ, ಅದರ ಸಿಗ್ನಲ್ ಯಾವ ಫ್ರೀಕ್ವೆನ್ಸಿಯಲ್ಲಿದೆ, ಅದರ ಕೋಡ್ ಎಲ್ಲಿಂದ ಶುರುವಾಗುತ್ತಿದೆ, ಇಷ್ಟನ್ನು ಅಂದಾಜಿಗೆ ತಿಳಿದರೆ ಸಾಕು. ಲೊಕೇಶನ್ ಲೆಕ್ಕ ಹಾಕುವುದೆಲ್ಲ ಆಮೇಲಿನ ಮಾತು.

ಕೇಳೋಕೆ ಸುಲಭ. ಆದರೆ ಉಪಗ್ರಹ ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ, ಅಲ್ಲಿಂದ ನೆಲ ಮುಟ್ಟುವಷ್ಟರಲ್ಲಿ ಸಿಗ್ನಲ್ ಎಷ್ಟು ಸೊರಗಿರುತ್ತದೆ ಅಂದರೆ ರಿಸೀವರಿನ ನಾಯ್ಸೇ ಅದಕ್ಕಿಂತ ಹೆಚ್ಚುಕಡಿಮೆ ನೂರು ಪಟ್ಟು ಜಾಸ್ತಿ ಇರುತ್ತದೆ. ಸುಮ್ನೆ ನೋಡಿದರೆ ಏನೂ ಕಾಣುವುದಿಲ್ಲ. ಆದರೂ ಹಿಡಿಯಬಹುದು, ಯಾಕೆಂದರೆ ಉಪಗ್ರಹ ಏನು ಕಳಿಸುತ್ತದೆ ಅನ್ನುವುದು ನಮಗೆ ಮೊದಲೇ ಗೊತ್ತು.

ಎಲ್ಲ ಜಿಪಿಎಸ್ ಉಪಗ್ರಹಗಳೂ ಒಂದೇ 1575.42 ಮೆಗಾಹರ್ಟ್ಸ್‌ನಲ್ಲಿ ಕಳಿಸುತ್ತವೆ, ಆದರೆ ಒಂದೊಂದಕ್ಕೂ ಒಂದೊಂದು ಕೋಡ್. ಪ್ಲಸ್ ಒಂದು, ಮೈನಸ್ ಒಂದು ಅಂತ 1023 ಚಿಪ್‌ಗಳು, ಮಿಲಿಸೆಕೆಂಡಿಗೊಮ್ಮೆ ಮತ್ತೆ ಮೊದಲಿಂದ. ರಿಸೀವರ್ ಅದೇ ಕೋಡನ್ನು ತಾನೂ ತಯಾರಿಸಿಕೊಂಡು, ಬಂದ ಸ್ಯಾಂಪಲ್‌ಗಳ ಜೊತೆ ಒಂದೊಂದಾಗಿ ಗುಣಿಸಿ, ಎಲ್ಲ ಕೂಡಿಸುತ್ತದೆ. ಇದೇ ಕೋರಿಲೇಶನ್. ನಾಯ್ಸ್ ಬದಿಗಿಟ್ಟು ಬರೀ ಕೋಡ್ ನೋಡಿ: ಎರಡೂ ಸರಿಯಾಗಿ ಕೂತರೆ ಮೊತ್ತ 1023. ಒಂದೇ ಒಂದು ಚಿಪ್ ಆಚೀಚೆ ಆದರೂ -1, 63 ಅಥವಾ -65, ಈ ಮೂರರಲ್ಲೊಂದು ಅಷ್ಟೇ, ನಾಲ್ಕನೇ ಸಂಖ್ಯೆ ಬರುವುದೇ ಇಲ್ಲ. ಬೇರೆ ಉಪಗ್ರಹದ ಕೋಡ್ ಹಾಕಿದರೂ ಇದೇ ಕಥೆ. 1967ರಲ್ಲಿ ರಾಬರ್ಟ್ ಗೋಲ್ಡ್ ತೋರಿಸಿಕೊಟ್ಟ ಕೋಡ್‌ಗಳ ಚಂದ ಇರುವುದೇ ಇಲ್ಲಿ. ಇನ್ನು ನಾಯ್ಸ್‌ಗೆ ಇಂಥ ಕ್ರಮ ಯಾವುದೂ ಇಲ್ಲ, ಕೂಡಿಸುತ್ತಾ ಹೋದಂತೆ ಅದರ ಬಹುಪಾಲು ತನ್ನಲ್ಲೇ ವಜಾ ಆಗುತ್ತದೆ.

ತೊಂದರೆ ಏನಂದ್ರೆ, ಹಳೇ ರೇಡಿಯೊದಲ್ಲಿ ಸ್ಟೇಷನ್ ಹಿಡಿಯಲು ಒಂದು ತಿರುಪು ತಿರುಗಿಸಿದರೆ ಆಗ್ತಿತ್ತು, ಇಲ್ಲಿ ಎರಡನ್ನೂ ಒಟ್ಟಿಗೇ ಸರಿಮಾಡಬೇಕು. ಒಂದು, ಕೋಡ್ ಎಷ್ಟು ತಡ ಅನ್ನುವುದು. ಅರ್ಧ ಚಿಪ್‌ನಂತೆ ಸರಿಸಿದರೆ 2046 ಜಾಗ. ಇನ್ನೊಂದು ಡಾಪ್ಲರ್: ಉಪಗ್ರಹ ಓಡುತ್ತಲೇ ಇರುವುದರಿಂದ, ನಿಂತಲ್ಲೇ ನಿಂತ ರಿಸೀವರಿಗೂ ಫ್ರೀಕ್ವೆನ್ಸಿ ಸುಮಾರು 5 ಕಿಲೋಹರ್ಟ್ಸ್‌ವರೆಗೆ ಮೇಲೆ ಕೆಳಗೆ ಆಗುತ್ತದೆ. 500 ಹರ್ಟ್ಸ್‌ನಂತೆ ನೋಡಿದರೆ 21 ಮೆಟ್ಟಿಲು. ಗುಣಿಸಿ ನೋಡಿ, ಒಂದು ಉಪಗ್ರಹಕ್ಕೆ 42,966 ಮನೆಗಳು. 32 ಕೋಡ್‌ಗಳಿಗೆ ಹದಿಮೂರು ಲಕ್ಷ ದಾಟುತ್ತದೆ!

ಒಂದೊಂದೇ ಮನೆ ತಟ್ಟುತ್ತಾ ಕೂತರೆ ಮುಗಿಯುವುದಿಲ್ಲ ಅಲ್ವಾ? ಅದಕ್ಕೇ ಎಫ್‌ಎಫ್‌ಟಿ, ಅಂದರೆ ಸಿಗ್ನಲನ್ನು ಅದರೊಳಗಿನ ಫ್ರೀಕ್ವೆನ್ಸಿಗಳಾಗಿ ಬೇಗ ಬಿಡಿಸುವ ಲೆಕ್ಕ. ಬಂದ ಒಂದು ಮಿಲಿಸೆಕೆಂಡ್ ಸ್ಯಾಂಪಲ್‌ಗಳ ಎಫ್‌ಎಫ್‌ಟಿ ತೆಗೆದು, ಕೋಡ್‌ನ ಎಫ್‌ಎಫ್‌ಟಿಯ ಕಾಂಜುಗೇಟ್ (ಕಾಲ್ಪನಿಕ ಭಾಗದ ಚಿಹ್ನೆ ತಿರುಗಿಸಿದ ರೂಪ) ಜೊತೆ ಗುಣಿಸಿ, ವಾಪಸ್ ತಿರುಗಿಸಿದರೆ ಆ ಮೆಟ್ಟಿಲಿನ ಎಲ್ಲ ತಡಗಳ ಉತ್ತರ ಒಂದೇ ಸಲಕ್ಕೆ ಸಿಗುತ್ತದೆ. ಇಷ್ಟನ್ನು 21 ಸಲ ಮಾಡಿದರೆ ಆಯ್ತು. ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಕಲಿಯುವವರಿಗೆ ಎಫ್‌ಎಫ್‌ಟಿ ಯಾಕೆ ಬೇಕು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎಲ್ಲ ಮನೆಗಳ ಮೊತ್ತವನ್ನು ಚಿತ್ರವಾಗಿ ಬಿಡಿಸಿದಾಗ, ಪುಸ್ತಕಗಳಲ್ಲಿ ಸಪಾಟು ಬಯಲಿನ ನಡುವೆ ಒಂದು ಚೂಪು ಶಿಖರದ ಚಿತ್ರ ಇರುತ್ತದೆ. ತೆರೆದ ಆಕಾಶದ ಕೆಳಗೆ ಸರಿ. ಮನೆಯೊಳಗೆ ಬಂದರೆ ಆ ಶಿಖರ ನಾಯ್ಸ್ ಎಂಬ ಹುಲ್ಲಿನಲ್ಲಿ ಮುಳುಗಿಹೋಗಿರುತ್ತದೆ. ಆಗ ಒಂದರ ಬದಲು ಹತ್ತು ಮಿಲಿಸೆಕೆಂಡ್ ಕೂಡಿಸಬಹುದು, ಆದರೆ ಫ್ರೀಕ್ವೆನ್ಸಿ ಮೆಟ್ಟಿಲು 50 ಹರ್ಟ್ಸ್‌ಗೆ ಇಳಿದು ಹುಡುಕುವ ಮನೆಗಳು ಹತ್ತು ಪಟ್ಟಾಗುತ್ತವೆ. ಸಾಲದ್ದಕ್ಕೆ 20 ಮಿಲಿಸೆಕೆಂಡಿಗೊಮ್ಮೆ ಡೇಟಾ ಬಿಟ್ (ಕೋಡ್‌ನ ಮೇಲೆ ಉಪಗ್ರಹ ಕಳಿಸುವ ಮಾಹಿತಿ) ಬದಲಾಗಿ ಇಡೀ ಕೋಡ್‌ನ ಚಿಹ್ನೆ ತಿರುಗಬಹುದು. ನಡುವೆ ಚಿಹ್ನೆ ತಿರುಗಿತೋ, ಕೂಡಿಸಿದ್ದೆಲ್ಲ ಕಳೆದುಹೋಗುತ್ತದೆ.

ಇನ್ನು ಜಿಪಿಎಸ್‌ನಂತೆಯೇ ಜಾಗ ತೋರಿಸುವ ನಮ್ಮ ಇಸ್ರೋದ ನಾವಿಕ್. ಅದರ ಎಲ್5 ಮತ್ತು ಎಸ್ ಎಂಬ ಫ್ರೀಕ್ವೆನ್ಸಿ ಬ್ಯಾಂಡಿನ ಸಾರ್ವಜನಿಕ ಕೋಡ್ ಕೂಡ 1023 ಚಿಪ್‌ಗಳದ್ದೇ, ಆದರೆ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ ಡಾಪ್ಲರ್ ಜಿಪಿಎಸ್‌ಗಿಂತ ಎಷ್ಟೋ ಕಡಿಮೆ. ಹಾಗಂತ ಫ್ರೀಕ್ವೆನ್ಸಿ ಹುಡುಕುವ ಕೆಲಸ ತಪ್ಪುವುದಿಲ್ಲ. ರಿಸೀವರಿನ ಫ್ರೀಕ್ವೆನ್ಸಿಗೆ ಆಧಾರವಾದ ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಒಂದರಷ್ಟು ತಪ್ಪಿದರೂ ಸಾಕು, 2492 ಮೆಗಾಹರ್ಟ್ಸ್‌ನ ಎಸ್ ಬ್ಯಾಂಡಿನಲ್ಲಿ ಅದೇ 2492 ಹರ್ಟ್ಸ್ ವ್ಯತ್ಯಾಸ, ಅಂದರೆ ಐದು ಮೆಟ್ಟಿಲು ಆಚೆ.