ಕಾಕಾನ ಕೈಯದೇನೂ ತಪ್ಪಿಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಆನ್‌ಲೈನ್ ಸೆಂಟರ್ ಒಂದರಲ್ಲಿ ನಮ್ಮ ಕಾಕಾ ಮುಕ್ಕಾಲು ತಾಸು ಒಂದೊಂದೇ ಅಕ್ಷರ ಹುಡುಕಿ ಅರ್ಜಿ ಟೈಪ್ ಮಾಡಿದ್ದರು. ವಿಂಡೋ ದೊಡ್ಡದು ಮಾಡಲು ಹೋಗಿ ಒತ್ತಿದ್ದು ಪಕ್ಕದ ಎಕ್ಸ್. ಸೇವ್ ಮಾಡಲೇ ಅಂತ ಇಂಗ್ಲಿಷಿನಲ್ಲಿ ಒಂದು ಡಬ್ಬಿ ಎದ್ದಿತು. ಮುಚ್ಚಲೇ ಅಂತ ಕೇಳುತ್ತಿದೆ ಅಂದುಕೊಂಡು ‘ನೋ’ ಒತ್ತಿದರು. ಅರ್ಜಿ ಹೋಯಿತು.

“ವಯಸ್ಸಾತಪಾ, ಕೈ ಮಾತು ಕೇಳವಲ್ದು” ಅಂದರು. ನನಗೆ ಸಿಟ್ಟು ಬರುವುದೇ ಈ ಮಾತಿಗೆ.

ಕೈ ಎಷ್ಟು ಮಾತು ಕೇಳುತ್ತದೆ ಎಂಬ ಲೆಕ್ಕ 1954ರಲ್ಲೇ ಆಗಿದೆ. ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ ಎರಡು ಲೋಹದ ಪಟ್ಟಿಗಳನ್ನಿಟ್ಟು, ಕಡ್ಡಿಯಿಂದ ಅತ್ತ ಒಮ್ಮೆ ಇತ್ತ ಒಮ್ಮೆ ಮುಟ್ಟಿಸಿ ನೋಡಿದ. ಗುರಿ ದೂರವಾದಷ್ಟೂ ಸಣ್ಣದಾದಷ್ಟೂ ಹೊತ್ತು ಹೆಚ್ಚು. ದೂರ, ಅಗಲ ಎರಡೂ ದುಪ್ಪಟ್ಟಾದರೆ ಹೊತ್ತು ಮೊದಲಿನಷ್ಟೇ! ಮೌಸ್‌ಗೂ ಇದೇ ಲೆಕ್ಕ ಹೊಂದುತ್ತದೆ ಅಂತ 1978ರಲ್ಲಿ ತೋರಿಸಿದವರು ಜೆರಾಕ್ಸ್ ಕಂಪನಿಯ ಸಂಶೋಧಕರು. ನಮ್ಮಲ್ಲಿ ಆ ಹೆಸರಿಗೆ ಆಧಾರ್ ಕಾರ್ಡಿನ ನಕಲು ಮಾತ್ರ ನೆನಪಾಗುತ್ತದೆ, ಇರಲಿ.

ಕೈ ಮೊದಲು ಜೋರಾಗಿ ಹಾರುತ್ತದೆ, ಆಮೇಲೆ ಗುರಿಯ ಹತ್ತಿರ ತಡವರಿಸುತ್ತದೆ. ಹೊತ್ತು ತಿನ್ನುವುದು ಈ ತಡವರಿಕೆ. ಪರದೆಯ ಅಂಚಿನಲ್ಲಿ ಅದಿಲ್ಲ, ಮೌಸಿನ ಬಾಣ ಅಲ್ಲಿ ತಾನೇ ನಿಲ್ಲುತ್ತದೆ. ಕೇರಂ ಬೋರ್ಡಿನ ಕಟ್ಟಿಗೆ ಹೊಡೆದ ಕಾಯಿ ಆಚೆ ಹೋಗುತ್ತದೆಯೇ? ಬಸ್ ಸ್ಟ್ಯಾಂಡಿನಲ್ಲಿ ರಿವರ್ಸ್ ಹಾಕುವ ಡ್ರೈವರ್‌ಗೆ ಗಾಲಿ ಕಟ್ಟೆಗೆ ತಾಗಿದರೆ ಸಾಕು, ಇಂಚಿಂಚು ಅಳೆಯಬೇಕಿಲ್ಲ. ಮೂಲೆಯಂತೂ ಎರಡು ಗೋಡೆ ಸೇರುವ ಜಾಗ, ಕಣ್ಣು ಮುಚ್ಚಿ ಎಸೆದರೂ ಸಿಗುತ್ತದೆ.

1984ರಲ್ಲಿ ಬಂದ ಆ್ಯಪಲ್ ಕಂಪನಿಯ ಮ್ಯಾಕಿಂತೋಷ್ ಕಂಪ್ಯೂಟರ್ ಮೆನುವನ್ನು ಪರದೆಯ ಮೇಲಂಚಿಗೇ ಅಂಟಿಸಿತ್ತು. ವಿಂಡೋ ಮುಚ್ಚುವ ಡಬ್ಬಿ ಎಡಕ್ಕೆ, ಒಂದೆರಡು ವರ್ಷದ ಮೇಲೆ ಬಂದ ದೊಡ್ಡದು ಮಾಡುವ ಡಬ್ಬಿ ಬಲಕ್ಕೆ, ನಡುವೆ ವಿಂಡೋದಷ್ಟು ಅಂತರ. ವಿಂಡೋಸ್ 95 ಎರಡನ್ನೂ ಒಂದೇ ಸಂದಿಗೆ ತುರುಕಿತು. ಅದರ ಸ್ಟಾರ್ಟ್ ಬಟನ್ನಿಗೂ ಮೂಲೆಗೂ ನಡುವೆ ಕೂದಲೆಳೆಯ ಜಾಗ ಬಿಟ್ಟು, ಮೂಲೆಯಲ್ಲೇ ಒತ್ತಿದರೆ ಏನೂ ಆಗದಂತೆ ಮಾಡಿದ್ದರು! ಆಮೇಲೆ ತಿದ್ದಿದರು. ಎಕ್ಸ್ ಮಾತ್ರ ಅಲ್ಲೇ ಉಳಿಯಿತು. ವಿಂಡೋ ಪರದೆ ತುಂಬಿದಾಗ ಅದು ಮೂಲೆಗೇ ಬಂದು ಕೂರುತ್ತದೆ. ಎಲ್ಲಕ್ಕಿಂತ ಸುಲಭದ ಜಾಗ ಸಿಕ್ಕಿದ್ದು ಕೆಲಸ ಮುಚ್ಚಿಹಾಕುವ ಬಟನ್ನಿಗೆ.

ಮರುದಿನ ಕಾಕಾಗೆ ವಿಂಡೋದ ನೆತ್ತಿಯ ಉದ್ದ ಪಟ್ಟಿ ತೋರಿಸಿದೆ. ಎಲ್ಲಿ ಬೇಕಾದರೂ ಎರಡು ಸಲ ಟಕಟಕ ಒತ್ತಿದರೆ ವಿಂಡೋ ದೊಡ್ಡದಾಗುತ್ತದೆ. ಒತ್ತಿ ನೋಡಿದರು, ಮತ್ತೆ ಒತ್ತಿದರು.

“ಇಷ್ಟ್ ಅಗಲ ಪಟ್ಟಿ ಇಟ್ಕೊಂಡು, ನನ್ನ ಆ ಸಂದ್ಯಾಗ ಯಾಕ ಕಳ್ಸಿದ್ರೋ?”