ಪದ ಪರಿಚಯ: ಟೋನ್, ಅಂದರೆ ಹರಳಿನ ಬಣ್ಣದ ಗಾಢತೆ

ಬಣ್ಣದ ಹರಳುಗಳನ್ನು ಆನ್‌ಲೈನ್‌ನಲ್ಲಿ ಮಾರುವವರು ಫೋಟೋದ ಕೆಳಗೆ ‘ಡಾರ್ಕ್ ಟೋನ್’, ‘ಮೀಡಿಯಮ್ ಟೋನ್’ ಎಂದು ಬರೆದಿರುವುದನ್ನು ಓದುಗರು ಗಮನಿಸಿರಬಹುದು. ಬಿಳುಪಿನಿಂದ ಕಪ್ಪಿನವರೆಗೆ ಒಂದು ಏಣಿಯನ್ನು ಕಲ್ಪಿಸಿಕೊಂಡರೆ, ಆ ಏಣಿಯ ಯಾವ ಮೆಟ್ಟಿಲಿನಲ್ಲಿ ಹರಳಿನ ಬಣ್ಣ ನಿಂತಿದೆ ಎಂಬುದೇ ಟೋನ್. ಕನ್ನಡದಲ್ಲಿ ಇದನ್ನು ಗಾಢತೆ ಎನ್ನಬಹುದು. ಪದ ಚಿಕ್ಕದಾದರೂ, ನೀಲ, ಗಾರ್ನೆಟ್, ಕಡುಹಸಿರಿನ ಟೂರ್ಮಲಿನ್ ಮುಂತಾದ ಹರಳುಗಳನ್ನು ಕೈಯಲ್ಲಿ ಹಿಡಿಯದೆ, ಬರಿಯ ಫೋಟೋ ನೋಡಿ ಕೊಳ್ಳುವವರು ಬೇರೆಲ್ಲ ಪದಗಳಿಗಿಂತ ಮೊದಲು ಅರಿತುಕೊಳ್ಳಬೇಕಾದದ್ದು ಇದನ್ನೇ. ಏಕೆಂದರೆ ಫೋಟೋ ಅತ್ಯಂತ ಸುಲಭವಾಗಿ ಮರೆಮಾಚುವ ಗುಣವೂ ಇದೇ ಆಗಿದೆ.

ಹರಳಿನ ಬಣ್ಣವನ್ನು ರತ್ನಶಾಸ್ತ್ರವು ಮೂರು ಭಾಗ ಮಾಡಿ ನೋಡುತ್ತದೆ. ನೀಲಿಯೋ ಹಸಿರೋ ಕೆಂಪೋ ಎಂಬುದು ಒಂದು. ಅದನ್ನು ಹ್ಯೂ ಎನ್ನುತ್ತಾರೆ. ಆ ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬುದು ಎರಡನೆಯದು, ಅದೇ ಟೋನ್. ಬೂದು ಅಥವಾ ಕಂದು ಬೆರೆಯದೆ ಬಣ್ಣ ಎಷ್ಟು ಅಚ್ಚವಾಗಿದೆ ಎಂಬುದು ಮೂರನೆಯದು. ಅದನ್ನು ಸ್ಯಾಚುರೇಶನ್ ಎಂದು ಕರೆಯುತ್ತಾರೆ. ಕನ್ನಡದ ಆಡುಮಾತಿನಲ್ಲಿ ನಸುಗೆಂಪು, ತಿಳಿನೀಲಿ, ಕಡುಗೆಂಪು ಎಂಬ ಪದಗಳು ಮೊದಲಿನಿಂದಲೂ ಇವೆ. ಆದರೆ ‘ಕಡು’ ಎಂಬುದರಲ್ಲಿ ಎರಡು ಅರ್ಥಗಳು ಒಟ್ಟಿಗೆ ಸೇರಿಕೊಂಡಿವೆ ಎಂಬುದನ್ನು ನಾವು ಗಮನಿಸುವುದು ಕಡಿಮೆ. ಕಡುನೀಲಿ ಎಂದಾಗ ಒಬ್ಬರು ಅಚ್ಚನೀಲಿಯನ್ನು ಮನಸ್ಸಿಗೆ ತಂದುಕೊಳ್ಳುತ್ತಾರೆ, ಇನ್ನೊಬ್ಬರು ಕಪ್ಪಿಗೆ ಹತ್ತಿರವಾದ ನೀಲಿಯನ್ನು. ಮಾರುವವನು ಎರಡನೆಯ ಅರ್ಥದಲ್ಲಿ ಬರೆದದ್ದನ್ನು ಕೊಳ್ಳುವವರು ಮೊದಲನೆಯ ಅರ್ಥದಲ್ಲಿ ಓದಿಕೊಂಡರೆ, ಸುಳ್ಳು ಹೇಳಿದವರು ಯಾರೂ ಇಲ್ಲದಿದ್ದರೂ ಹಣ ಕೈಬಿಟ್ಟಿರುತ್ತದೆ.

ಟೋನ್ ಮತ್ತು ಅಚ್ಚತನದ ನಡುವಣ ಸಂಬಂಧವನ್ನು ತಿಳಿಯಲು ಬಿಳಿ ಬಟ್ಟೆಗೆ ಹಾಕುವ ನೀಲಿಯ ಶೀಶೆಯನ್ನು ನೋಡಿದರೆ ಸಾಕು. ಶೀಶೆಯಲ್ಲಿರುವಾಗ ಅದು ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುತ್ತದೆ. ಒಂದು ಗಾಜಿನ ಲೋಟದ ನೀರಿಗೆ ಐದಾರು ಹನಿ ಬಿಟ್ಟಾಗ ಕಣ್ಣಿಗೆ ತುಂಬುವ ನೀಲಿ ಬರುತ್ತದೆ. ಅದೇ ಹನಿಗಳನ್ನು ಬಕೆಟ್‌ಗೆ ಬಿಟ್ಟರೆ ನೀರು ನಸುನೀಲಿಯಾಗಿ ಉಳಿಯುತ್ತದೆ. ಬಣ್ಣದ ವಸ್ತು ಮೂರು ಕಡೆಯೂ ಒಂದೇ. ಆದರೂ ಬಣ್ಣ ತನ್ನ ಪೂರ್ಣ ಕಳೆಯಲ್ಲಿ ಕಾಣುವುದು ನಡುವಿನ ಒಂದು ಹದದಲ್ಲಿ ಮಾತ್ರ. ರತ್ನಶಾಸ್ತ್ರವನ್ನು ಕಲಿಸುವ ಅಮೆರಿಕದ ಜಿಐಎ ಸಂಸ್ಥೆಯ ಪಾಠಕ್ರಮದಲ್ಲಿ ಟೋನ್‌ಗೆ 0ಯಿಂದ 10ರವರೆಗಿನ ಅಳತೆಗೋಲು ಇದೆ: 0 ಎಂದರೆ ಬಣ್ಣವಿಲ್ಲದ್ದು, 10 ಎಂದರೆ ಕಪ್ಪು. ಪಾರದರ್ಶಕ ಹರಳುಗಳ ಮಟ್ಟಿಗೆ ಬಳಕೆಗೆ ಬರುವುದು 2ರಿಂದ 8ರವರೆಗಿನ ಅಂಕಗಳು; 5 ಮಧ್ಯಮ, 6 ಮಧ್ಯಮ ಗಾಢ, 7 ಗಾಢ, 8 ಅತಿ ಗಾಢ. ನೀಲದ ಬಣ್ಣ ಚೆನ್ನಾಗಿ ಅರಳುವುದು 5 ಮತ್ತು 6ರ ಆಸುಪಾಸಿನಲ್ಲಿ. ಹಳದಿಯ ಸ್ವಭಾವವೇ ಬೇರೆ. ಅದು ತಿಳಿಯಾದ ಟೋನ್‌ನಲ್ಲಿಯೇ ತನ್ನ ಪೂರ್ಣ ಕಳೆಗೆ ಬರುತ್ತದೆ, ಗಾಢವಾದಂತೆ ಕಂದಿಗೆ ತಿರುಗುತ್ತದೆ. ಆದುದರಿಂದ ಪುಷ್ಯರಾಗಕ್ಕೆ ಸಲ್ಲುವ ಮಾತು ನೀಲಕ್ಕೆ ಸಲ್ಲುವುದಿಲ್ಲ.

ಈ ವಿವೇಚನೆ ನನಗೆ ಬಂದದ್ದು ಒಂದು ಹರಳಿನ ಮೂಲಕ. ತಂಗಿಯ ಮಗನ ಉಂಗುರಕ್ಕೆಂದು ನೀಲದ ಹರಳೊಂದನ್ನು ಫೋಟೋ ನೋಡಿ ತರಿಸಿದ್ದೆ. ಪರದೆಯ ಮೇಲೆ ಅದು ಶಂಖಪುಷ್ಪದ ಹೂವಿನ ಬಣ್ಣದಲ್ಲಿತ್ತು. ದಾವಣಗೆರೆಯ ನಮ್ಮ ಮನೆಯಲ್ಲಿ ಸಂಜೆ ಟ್ಯೂಬ್‌ಲೈಟಿನ ಕೆಳಗೆ ಪೊಟ್ಟಣ ಬಿಚ್ಚಿದಾಗ, ಹತ್ತಿಯ ನಡುವೆ ಇದ್ದದ್ದು ಕರಿಮಣಿಯ ಬಣ್ಣದ ಕಲ್ಲು. ಮರುದಿನ ಮಂಡಿಪೇಟೆಯಲ್ಲಿ ಪರಿಚಯದ ಅಕ್ಕಸಾಲಿಗರೊಬ್ಬರಲ್ಲಿಗೆ ಒಯ್ದೆ. ಅವರು ಅದನ್ನು ಚಿಮಟಿಗೆಯಲ್ಲಿ ಹಿಡಿದು, ಅಂಗಡಿಯ ಬಾಗಿಲಿಗೆ ಬಂದು ಬಿಸಿಲಿಗೆ ಒಡ್ಡಿ, ಮೆಲ್ಲಗೆ ತಿರುಗಿಸಿದರು. ಒಂದು ಅಂಚಿನಲ್ಲಿ ಮಾತ್ರ ನೀಲಿಯ ಗೆರೆಯೊಂದು ಮಿಂಚಿ ಮರೆಯಾಯಿತು. “ಕಲ್ಲು ಅಸಲಿನೇ ಐತಿ ಸರ್, ಆದ್ರೆ ಬೆಳಕನ್ನ ಒಳಗೇ ಇಟ್ಕಂಡ್ ಬಿಡ್ತೈತಿ” ಎಂದರು. ಗಾಢ ಟೋನ್ ಎಂಬುದಕ್ಕೆ ಇದಕ್ಕಿಂತ ನೇರವಾದ ವಿವರಣೆಯನ್ನು ನಾನು ಇಂದಿಗೂ ಕಂಡಿಲ್ಲ.

ಹರಳು ಬೆಳಕನ್ನು ಒಳಗೇ ಇಟ್ಟುಕೊಳ್ಳಲು ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ಅದರೊಳಗಿನ ಲೋಹದ ಅಂಶ. ನೀಲವು ಮೂಲತಃ ಅಲ್ಯುಮಿನಿಯಂ ಆಕ್ಸೈಡ್. ಅದರೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಸೇರಿರುವ ಕಬ್ಬಿಣ ಮತ್ತು ಟೈಟಾನಿಯಂ ಕೂಡಿ ನೀಲಿಯನ್ನು ಕೊಡುತ್ತವೆ. ಕಬ್ಬಿಣ ಹೆಚ್ಚಿದಂತೆ ಕಲ್ಲು ಕಪ್ಪಿನತ್ತ ವಾಲುತ್ತದೆ. ಬಸಾಲ್ಟ್ ಶಿಲೆಯ ಪ್ರದೇಶಗಳಿಂದ, ಉದಾಹರಣೆಗೆ ಆಸ್ಟ್ರೇಲಿಯಾದಿಂದ, ಬರುವ ಅನೇಕ ನೀಲಗಳು ಶಾಯಿಯಂತೆ ಕಾಣುವುದೂ, ಶ್ರೀಲಂಕಾದ ಹಲವು ನೀಲಗಳು ತಿಳಿಯಾಗಿರುವುದೂ ಬಹುಮಟ್ಟಿಗೆ ಈ ಕಾರಣದಿಂದಲೇ. ಎರಡನೆಯದು ದಪ್ಪ. ಒಂದೇ ಕಾಫಿ ಡಿಕಾಕ್ಷನ್ ಲೋಟದಲ್ಲಿ ಕಪ್ಪಾಗಿಯೂ ಬಸಿಗೆ ಸುರಿದಾಗ ಕಂದು ಹೊಂಬಣ್ಣವಾಗಿಯೂ ಕಾಣುವಂತೆ, ಹರಳಿನೊಳಗೆ ಬೆಳಕು ಸಾಗುವ ದಾರಿ ಉದ್ದವಾದಷ್ಟೂ ಅದು ಹೆಚ್ಚು ನುಂಗಲ್ಪಡುತ್ತದೆ. ಹಾಗಾಗಿ ಒಂದೇ ಗಣಿಯ, ಒಂದೇ ಬಣ್ಣದ ಒರಟು ಕಲ್ಲಿನಿಂದ ಕತ್ತರಿಸಿದ ಎರಡು ಹರಳುಗಳಲ್ಲಿ ಒಂದು ಕ್ಯಾರೆಟ್ಟಿನದು ಚೆಲುವಾಗಿದ್ದು, ನಾಲ್ಕು ಕ್ಯಾರೆಟ್ಟಿನದು ಮಸಿಯ ಉಂಡೆಯಂತೆ ಆಗಿಬಿಡಬಹುದು. ಗಾಢ ಜಾತಿಯ ಹರಳಿನಲ್ಲಿ ದೊಡ್ಡದನ್ನು ಬಯಸುವವರು ಈ ಮಾತನ್ನು ಮರೆಯಬಾರದು.

ನನ್ನ ಹರಳಿನ ಉದ್ದ 9, ಅಗಲ 7, ಆಳ 5.8 ಮಿಲಿಮೀಟರ್ ಎಂದು ವಿವರಣೆಯಲ್ಲಿ ಬರೆದೇ ಇತ್ತು. ನಾನು ಅದನ್ನು ಓದಿ ಮುಂದೆ ಹೋಗಿದ್ದೆ. ಆಳವನ್ನು ಅಗಲದಿಂದ ಭಾಗಿಸಿದರೆ 83 ಶೇಕಡ ಬರುತ್ತದೆ. ಬಣ್ಣದ ಹರಳುಗಳಲ್ಲಿ ಸಾಮಾನ್ಯವಾಗಿ 60ರಿಂದ 80 ಶೇಕಡದೊಳಗೆ ಇರುವ ಈ ಪ್ರಮಾಣವು ಅದನ್ನು ಮೀರಿದೆ ಎಂದರೆ, ತೂಕ ಉಳಿಸಿಕೊಳ್ಳಲು ಹೊಟ್ಟೆ ದಪ್ಪ ಬಿಟ್ಟಿದ್ದಾರೆ ಎಂದರ್ಥ. ತಿಳಿಯಾದ ಹರಳಿಗೆ ಅದು ಬಣ್ಣವನ್ನು ಕೂಡಿಸಿಕೊಟ್ಟೀತು; ಮೊದಲೇ ಗಾಢವಾದದ್ದಕ್ಕೆ ಅದು ಶಾಪ. ಹಿಂದಿನ ಕುಶಲಕರ್ಮಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ಗುಮ್ಮಟದ ಆಕಾರಕ್ಕೆ ನಯಮಾಡಿದ ಕಡುಗೆಂಪು ಗಾರ್ನೆಟ್ಟಿನ ಬೆನ್ನನ್ನು ಒಳಗಿನಿಂದ ಬಟ್ಟಲಿನಂತೆ ಕೊರೆದು ತೆಳುಗೊಳಿಸುತ್ತಿದ್ದುದೂ, ಕುಂದಣದ ಕೆಲಸದಲ್ಲಿ ಹರಳಿನ ಕೆಳಗೆ ಹೊಳೆಯುವ ತೆಳು ತಗಡನ್ನು ಇಡುವುದೂ ಬೆಳಕನ್ನು ಮರಳಿ ಮೇಲಕ್ಕೆ ತರುವ ಉಪಾಯಗಳೇ.

ಗಾಢತೆಯೊಂದಿಗೆ ಗೊಂದಲವಾಗುವ ಇನ್ನೊಂದು ಸಂಗತಿಯಿದೆ. ಹರಳನ್ನು ಮೇಲಿನಿಂದ ನೋಡುವಾಗ ಕೆಲವು ಮುಖಗಳು ಬೆಳಕನ್ನು ಕಣ್ಣಿಗೆ ಮರಳಿಸದೆ ಕಪ್ಪಾಗಿ ಉಳಿಯುತ್ತವೆ. ಇದಕ್ಕೆ ಎಕ್ಸ್‌ಟಿಂಕ್ಷನ್ ಎಂದು ಹೆಸರು. ಇದು ಬಣ್ಣದ ಗುಣವಲ್ಲ, ಕತ್ತರಿಸಿದ ಕೋನಗಳ ಮತ್ತು ಬೆಳಕು ಬರುವ ದಿಕ್ಕಿನ ಫಲ. ಹರಳನ್ನು ತುಸು ಓಲಾಡಿಸಿದಾಗ ಕಪ್ಪು ಜಾಗಗಳು ಮಿನುಗಿ, ಬೇರೆ ಜಾಗಗಳು ಕಪ್ಪಾದರೆ ಅದು ಎಕ್ಸ್‌ಟಿಂಕ್ಷನ್. ಹೇಗೆ ತಿರುಗಿಸಿದರೂ ಕಪ್ಪು ಕಪ್ಪಾಗಿಯೇ ಉಳಿದರೆ ಅದು ಟೋನ್. ನಿಂತ ಫೋಟೋದಲ್ಲಿ ಇವೆರಡನ್ನೂ ಬೇರ್ಪಡಿಸಲಾಗುವುದಿಲ್ಲ.

ಇನ್ನು ಕ್ಯಾಮೆರಾದ ವಿಷಯ. ಚಳ್ಳಕೆರೆಯ ಕರಿಯ ಕಂಬಳಿ ಮನೆಯಲ್ಲಿದ್ದರೆ, ಫೋನಿನ ಚೌಕಟ್ಟಿನ ತುಂಬ ಅದೊಂದೇ ಬರುವಂತೆ ಹಿಡಿದು ಫೋಟೋ ತೆಗೆದು ನೋಡಬಹುದು. ಕಪ್ಪು ಕಂಬಳಿ ಫೋಟೋದಲ್ಲಿ ಬೂದುಬಣ್ಣಕ್ಕೆ ತಿರುಗಿರುತ್ತದೆ, ಕಣ್ಣಿಗೆ ಕಾಣದ ಉಣ್ಣೆಯ ಎಳೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಎದುರಿಗಿರುವುದು ಏನೇ ಆಗಿರಲಿ, ಒಟ್ಟಾರೆ ಚಿತ್ರವನ್ನು ಮಧ್ಯಮ ಬೂದಿನ ಹೊಳಪಿಗೆ ತರುವುದು ಕ್ಯಾಮೆರಾದ ಬೆಳಕು ಅಳೆಯುವ ವ್ಯವಸ್ಥೆಯ ಕೆಲಸ. ಕಪ್ಪನ್ನು ಕಂಡರೆ ಅದು ತಾನಾಗಿಯೇ ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಹತ್ತಿರದಿಂದ ತೆಗೆದ ಗಾಢ ನೀಲದ ಫೋಟೋ ಹೊಳೆಹೊಳೆಯುವುದು ಹೀಗೆಯೇ. ಅಂದರೆ ಟೋನ್ ಎಂಬ ಗುಣವನ್ನು ಕ್ಯಾಮೆರಾ ದಾಖಲಿಸುವುದರ ಬದಲು ತಾನೇ ನಿರ್ಧರಿಸಿಬಿಡುತ್ತದೆ. ಮಾರುವವರು ಹರಳಿಗೆ ಹಿಂದಿನಿಂದ ದೀಪ ಕೊಟ್ಟರೆ, ಅಥವಾ ನೇರ ಬಿಸಿಲಿಗೆ ಹಿಡಿದರೆ, ಬಣ್ಣ ಇನ್ನಷ್ಟು ತೆರೆದುಕೊಳ್ಳುತ್ತದೆ. ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ ಹೇಳುವುದಾದರೆ, ನಡುಹಗಲಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್‌ನಷ್ಟಿರುತ್ತದೆ. ರಾತ್ರಿ ದೀಪ ಹಚ್ಚಿದ ಮನೆಯ ಕೋಣೆಯಲ್ಲಿ ಸಾಮಾನ್ಯವಾಗಿ 100ರಿಂದ 300 ಲಕ್ಸ್ ಮಾತ್ರ. ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಬಣ್ಣ ತೋರದ ಪಾರದರ್ಶಕ ಹರಳು ಸಿಗುವುದು ಕಷ್ಟ. ಆದರೆ ಉಂಗುರ ತೊಟ್ಟವರು ದಿನದ ಹೆಚ್ಚು ಹೊತ್ತು ಕಳೆಯುವುದು ಸೂರಿನ ಕೆಳಗೆ.

ಆದ್ದರಿಂದ ಗಾಢ ಹರಳಿನ ವಿಷಯದಲ್ಲಿ ಮಾರುವವರ ಸುಂದರ ಫೋಟೋಗಳನ್ನು ಬದಿಗಿಟ್ಟು, ನಾವು ಹೇಳಿದ ರೀತಿಯಲ್ಲಿ ತೆಗೆದ ವಿಡಿಯೊ ಒಂದನ್ನು ಕೇಳುವುದು ಲೇಸು. ನಾನು ಈಗ ಕೇಳುವುದು ಹೀಗೆ: ಹಗಲು ಹೊತ್ತಿನಲ್ಲಿ, ಬಿಸಿಲು ಬೀಳದ ಕಿಟಕಿಯ ಬಳಿ, ಹರಳನ್ನು ಎಡಗೈಯ ಎರಡು ಬೆರಳುಗಳ ಸಂದಿನಲ್ಲಿ ಮುಖ ಮೇಲಾಗಿ ಇಟ್ಟು, ಪಕ್ಕದಲ್ಲಿ ಒಂದು ಬಿಳಿಯ ಕಾಗದ ಕಾಣುವಂತೆ, ಮೊಳದ ದೂರದಿಂದ, ಮೆಲ್ಲಗೆ ಓಲಾಡಿಸುತ್ತ ಅರ್ಧ ನಿಮಿಷ ತೆಗೆಯಬೇಕು. ಇದರಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ. ಬೆರಳು ಹಿಂದಿನ ಬೆಳಕನ್ನು ತಡೆಯುತ್ತದೆ, ಉಂಗುರದಲ್ಲಿ ಹರಳು ಕೂರುವ ಸ್ಥಿತಿಗೆ ಅದು ಹತ್ತಿರವಾದದ್ದು. ಚರ್ಮದ ಬಣ್ಣ ಸಹಜವಾಗಿ ಕಂಡರೆ ಹರಳಿನ ಬಣ್ಣವನ್ನೂ ನಂಬಬಹುದು. ಬೆರಳು ಬೆಳ್ಳಗೆ ತೊಳೆದಂತೆ ಕಂಡು, ಕಾಗದದ ಅಂಚುಗಳು ಬೆಳಕಿನಲ್ಲಿ ಕರಗಿಹೋಗಿದ್ದರೆ, ಕ್ಯಾಮೆರಾ ಅತಿಯಾಗಿ ಬೆಳಕನ್ನು ಎಳೆದುಕೊಂಡಿದೆ ಎಂದು ತಿಳಿಯಬೇಕು. ಅದೇ ಹರಳನ್ನು ಸಂಜೆ ಮನೆಯ ದೀಪದಲ್ಲಿ ತೆಗೆದ ಇನ್ನೊಂದು ವಿಡಿಯೊ ದೊರೆತರೆ ಇನ್ನೂ ಒಳ್ಳೆಯದು. ಹಳದಿ ಬೆಳಕಿನ ಬಲ್ಬಿನಲ್ಲಿ ನೀಲಿಯ ಅಂಶ ಕಡಿಮೆಯಿರುವುದರಿಂದ, ಹಗಲಿನಲ್ಲಿ 6ರಂತೆ ಕಂಡ ನೀಲ ಅಲ್ಲಿ 7 ದಾಟಿದಂತೆ ಕಾಣಬಹುದು. ಗಾರ್ನೆಟ್ಟಿಗೆ ಇದೇ ಬೆಳಕು ಅನುಕೂಲ; ಅದರ ಕೆಂಪು ಬಲ್ಬಿನ ಕೆಳಗೆ ಕಳೆಗೊಳ್ಳುತ್ತದೆ. ನೋಡುವ ನಮ್ಮ ಫೋನಿನಲ್ಲಿಯೂ ಕಣ್ಣಿಗೆ ಹಿತವಾಗಲೆಂದು ಹಾಕುವ ರಾತ್ರಿಯ ಹಳದಿ ಛಾಯೆಯನ್ನು ಆಫ್ ಮಾಡಿರಬೇಕು, ಪರದೆಯ ಹೊಳಪು ಅರ್ಧದಷ್ಟಿರಬೇಕು.

ಪ್ರಯೋಗಾಲಯದ ವರದಿ ಇದ್ದರೆ ಈ ತೊಂದರೆ ತಪ್ಪುವುದಲ್ಲವೇ ಎಂದು ಕೇಳುವವರಿದ್ದಾರೆ. ವರದಿ ಅತ್ಯಗತ್ಯ, ಹರಳು ನೈಸರ್ಗಿಕವೋ ಕೃತಕವೋ, ಬಿಸಿಗೆ ಒಡ್ಡಿದ್ದೋ ಅಲ್ಲವೋ ಎಂಬುದನ್ನು ಬೇರೆ ಯಾವುದೂ ಹೇಳಲಾರದು. ಆದರೆ ಬಣ್ಣದ ಹರಳುಗಳ ಬಹುತೇಕ ವರದಿಗಳು ಬಣ್ಣದ ಜಾಗದಲ್ಲಿ ‘ಬ್ಲೂ’ ಎಂದಷ್ಟೇ ಬರೆದು ಬಿಡುತ್ತವೆ. ನನ್ನ ಹರಳಿನ ವರದಿಯಲ್ಲೂ ಹಾಗೆಯೇ ಇತ್ತು, ಅದು ನಿಜವೂ ಆಗಿತ್ತು.

ಟೋನ್ ಯಾವುದೆಂದು ಮಾರುವವರಿಂದ ಬರವಣಿಗೆಯಲ್ಲಿ ಪಡೆಯುವುದು ಇದಕ್ಕಾಗಿಯೇ ಮುಖ್ಯ. ‘ಮನೆಯೊಳಗಿನ ಬೆಳಕಿನಲ್ಲಿ ಮುಖ ಮೇಲಾಗಿ ಇಟ್ಟಾಗ ನೀಲಿಯಾಗಿ ಕಾಣುತ್ತದೆಯೇ, ಕಪ್ಪಾಗಿ ಕಾಣುತ್ತದೆಯೇ’ ಎಂಬ ಒಂದೇ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಉಳಿಸಿಕೊಂಡರೆ ಸಾಕು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣಲಕ್ಷಣಗಳು ಇಲ್ಲದ ಸರಕನ್ನು ಮರಳಿ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ನನ್ನ ಬಳಿ ಅಂಥ ಉತ್ತರ ಇರಲಿಲ್ಲ. ಫೋಟೋದಲ್ಲಿ ಇರುವುದೂ ಇದೇ ಹರಳೆಂದು ಮಾರಿದವರು ವಾದಿಸಿದರು, ಕೊನೆಗೆ ಸಾಗಣೆಯ ಖರ್ಚು ಮುರಿದುಕೊಂಡು ಹಿಂದಕ್ಕೆ ತೆಗೆದುಕೊಂಡರು.

ಪೊಟ್ಟಣ ಬಂದ ಮೇಲೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ಹಿಂತಿರುಗಿಸುವ ಅವಧಿ ಮುಗಿಯುವವರೆಗೆ ಹರಳನ್ನು ಚಿನ್ನಕ್ಕೆ ಕೂರಿಸಬಾರದು, ಏಕೆಂದರೆ ಕಟ್ಟು ಹಾಕಿದ ಹರಳನ್ನು ಯಾರೂ ಮರಳಿ ಪಡೆಯುವುದಿಲ್ಲ. ಬೆರಳಿನ ಎಣ್ಣೆ ಹರಳಿನ ಬೆನ್ನಿಗೆ ಹತ್ತಿದ್ದರೂ ಬೆಳಕಿನ ಮರಳುವಿಕೆ ಕುಗ್ಗುವುದರಿಂದ, ಮೊದಲು ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಬೇಕು. ಆಮೇಲೆ ಬೆಳಿಗ್ಗೆ ಹತ್ತರ ಹೊತ್ತಿಗೆ ಪಡಸಾಲೆಯ ನೆರಳಿನಲ್ಲಿ, ಮಧ್ಯಾಹ್ನ ಒಳಮನೆಯಲ್ಲಿ, ರಾತ್ರಿ ಊಟದ ಜಾಗದ ದೀಪದ ಕೆಳಗೆ, ಮೂರು ಸಲವೂ ಬೆರಳ ಸಂದಿನಲ್ಲಿಟ್ಟು ನೋಡಬೇಕು. ಮೂರರಲ್ಲಿ ಎರಡು ಸಲ ನೀಲಿ ಕಂಡರೆ ಇಟ್ಟುಕೊಳ್ಳಬಹುದು. ಎರಡು ಸಲ ಕಪ್ಪು ಕಂಡರೆ ಅಂದೇ ಪೊಟ್ಟಣ ಕಟ್ಟಬೇಕು.