ಹಗ್ಗ ಗಟ್ಟಿ ಇದ್ದರೆ ಸಾಲದು, ಮಾರಾಯ್ರೆ

ಕಳೆದ ಭಾನುವಾರ ತೀರ್ಥಹಳ್ಳಿ ಕಡೆಯಿಂದ ಮೂವರು ಹುಡುಗರು ಬಂದಿದ್ದರು. ಕೈಯಲ್ಲಿ ಹೊಚ್ಚ ಹೊಸ ಹಳದಿ ಹಗ್ಗ. ಲಾರಿ ಲೋಡು ಬಿಗಿಯುತ್ತಾರಲ್ಲ, ಅದೇ. "ಸಾರ್, ಎರಡು ಟನ್ ತಡೆಯುತ್ತೆ ಅಂದಿದ್ದಾರೆ ಅಂಗಡಿಯಲ್ಲಿ. ಬಂಡೆ ಹತ್ತೋಕೆ ಸಾಕಲ್ವಾ?" ಶಿವಮೊಗ್ಗದಲ್ಲಿ ಬಂಡೆ ಹತ್ತುವುದನ್ನು ಕಲಿಸಲು ಶುರು ಮಾಡಿದಾಗಿನಿಂದ ಈ ಪ್ರಶ್ನೆ ಬರದ ವರ್ಷವೇ ಇಲ್ಲ. ಸಿಟ್ಟು ಬರುತ್ತೆ. ಹುಡುಗರ ಮುಖ ನೋಡಿದರೆ ಅಷ್ಟೇ ಪ್ರೀತಿಯೂ ಬರುತ್ತೆ.

ಸಾಲದು. ಯಾಕೆ ಅಂತ ಗೊತ್ತಾಗಬೇಕಾದರೆ ಈ ಆಟ ಹುಟ್ಟಿದ ಕಾಲಕ್ಕೆ ಹೋಗಬೇಕು.

1886ರಲ್ಲಿ ವಾಲ್ಟರ್ ಹ್ಯಾಸ್ಕೆಟ್ ಸ್ಮಿತ್ ಎಂಬವರು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ನೇಪ್ಸ್ ನೀಡಲ್ ಎನ್ನುವ ಚೂಪು ಬಂಡೆಯನ್ನು ಒಬ್ಬರೇ ಹತ್ತಿ, ತುದಿಯಲ್ಲಿ ತಮ್ಮ ಕರವಸ್ತ್ರ ಇಟ್ಟು ಇಳಿದರು. ಹಗ್ಗ ಇರಲಿಲ್ಲ. ಬ್ರಿಟನ್ನಿನಲ್ಲಿ ಈ ಆಟದ ಶುರು ಅಂತ ಅದನ್ನೇ ಹೇಳುವುದು ರೂಢಿ. ಜರ್ಮನಿಯ ಸ್ಯಾಕ್ಸನಿಯಲ್ಲಿ ಅದಕ್ಕೂ ಮೊದಲೇ, 1864ರಲ್ಲಿ, ಬೇರೆ ಕೆಲವರು ಫಾಲ್ಕನ್‌ಸ್ಟೈನ್ ಬಂಡೆ ಹತ್ತಿದ್ದರು.

ಹಗ್ಗ ಕಟ್ಟಿಕೊಂಡವರ ಪಾಡೂ ಚೆನ್ನಾಗಿರಲಿಲ್ಲ. 1865ರಲ್ಲಿ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರದಿಂದ ಇಳಿಯುವಾಗ ಹಗ್ಗ ಹರಿದು ನಾಲ್ವರು ಸತ್ತರು. ಹಾಗಾದರೆ ದಪ್ಪ ಹಗ್ಗ ತಂದರೆ ಆಯ್ತಲ್ಲ ಅಂತೀರಿ. ಎಲ್ಲರೂ ಎಡವುವುದು ಇಲ್ಲೇ.

ಕೊಟ್ಟಿಗೆಯಲ್ಲಿ ಕಟ್ಟಿದ ಕರು ಬೆದರಿ ಓಡುವುದನ್ನು ನೋಡಿದ್ದೀರಲ್ಲ? ಹಗ್ಗ ಮುಗಿದ ಜಾಗದಲ್ಲಿ ಗಕ್ಕನೆ ನಿಂತು, ಕುತ್ತಿಗೆ ತಿರುಚಿ, ಮಗುಚಿ ಬೀಳುತ್ತೆ. ಹಗ್ಗಕ್ಕೆ ಏನೂ ಆಗಿರಲ್ಲ. ಪೆಟ್ಟೆಲ್ಲ ಕರುವಿಗೆ. ಬಂಡೆಯಿಂದ ಬೀಳುವವನ ಕಥೆಯೂ ಅದೇ. ಬಿದ್ದ ವೇಗ ಎಲ್ಲಿಗಾದರೂ ಹೋಗಲೇಬೇಕು. ಹಗ್ಗ ಹಿಗ್ಗಿದರೆ ನಿಧಾನಕ್ಕೆ ಅದರೊಳಗೆ ಹೋಗುತ್ತೆ. ಹಿಗ್ಗದಿದ್ದರೆ ಸೊಂಟಕ್ಕೆ, ಬೆನ್ನಿಗೆ, ಮೇಲೆ ಹಗ್ಗ ಸಿಕ್ಕಿಸಿದ ಮೊಳೆಗೆ. ನಾರಿನ ಹಗ್ಗದ ಕಾಲದಲ್ಲಿ ಮುಂದೆ ಹತ್ತುವವನು ಬೀಳಲೇಬಾರದು ಅನ್ನುವ ನಿಯಮ ಇದ್ದದ್ದು ಇದಕ್ಕೇ.

ಎರಡನೇ ಮಹಾಯುದ್ಧದ ನಂತರ ಹಿಗ್ಗುವ ನೈಲಾನ್ ಹಗ್ಗ ಬಂತು. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ ಒಳಗೆ ತಿರುಳು, ಹೊರಗೆ ಹೆಣೆದ ಹೊದಿಕೆ ಇರುವ ಹಗ್ಗ ಮಾಡಿತು. ಈಗ ನಾವು ಬಳಸುವುದು ಅದೇ ಜಾತಿಯದು. ಆಮೇಲೆ ಜನ ಧೈರ್ಯವಾಗಿ ಬೀಳಲು ಕಲಿತರು. ಬಿದ್ದು ಮತ್ತೆ ಹತ್ತಿ, ಮತ್ತೆ ಬಿದ್ದು, ಆಗದು ಅಂದುಕೊಂಡಿದ್ದ ಬಂಡೆಗಳನ್ನೆಲ್ಲ ಹತ್ತಿದರು. 1985ರಲ್ಲಿ ಇಟಲಿಯ ಬಾರ್ಡೊನೆಕಿಯಾದಲ್ಲಿ ದೊಡ್ಡ ಸ್ಪರ್ಧೆ ನಡೆಯಿತು. 2021ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸಿಗೂ ಬಂತು.

ಇಂಥ ಹಗ್ಗಕ್ಕೆ ಮಾಡುವ ಪರೀಕ್ಷೆಯನ್ನೇ ನೋಡಿ. 80 ಕಿಲೋ ಭಾರ ಕಟ್ಟಿ ಬೀಳಿಸುತ್ತಾರೆ. ಮೊದಲ ಸಲ ಬಿದ್ದಾಗ ಜಗ್ಗುವ ಬಲ 12 ಕಿಲೋನ್ಯೂಟನ್, ಅಂದರೆ ಸುಮಾರು 1,200 ಕಿಲೋ ತೂಕದಷ್ಟು ಎಳೆತ, ದಾಟಬಾರದು. ಎಷ್ಟು ಟನ್ ತಡೆಯುತ್ತೆ ಅಂತಲ್ಲ, ಎಷ್ಟು ಮೆತ್ತಗೆ ಹಿಡಿಯುತ್ತೆ ಅಂತ ನೋಡುವುದು.

ಹಿಗ್ಗದ ಹಗ್ಗ ಕೆಟ್ಟದ್ದು ಅಂತಲ್ಲ. ಕೆಳಗೆ ಇಳಿಯಲು, ಯಾರನ್ನಾದರೂ ಮೇಲೆತ್ತಲು ಅದಕ್ಕೆಂದೇ ಮಾಡಿದ ಹಗ್ಗ ಬೇರೆ ಇದೆ. ಯಾವ ಬಂಡೆಗೆ ಯಾವುದು ಅಂತ ಬರಹದಲ್ಲಿ ಹೇಳಲು ನಾನು ಒಪ್ಪಲ್ಲ, ಪಕ್ಕದಲ್ಲಿ ಗೊತ್ತಿದ್ದವರು ಇರಲೇಬೇಕು. ಇನ್ನೊಂದು, ಹಗ್ಗವನ್ನು ಜೀಪಿನ ಬ್ಯಾಟರಿ ಪಕ್ಕ ಇಡಬೇಡಿ. ಆಸಿಡ್ ಸೋಕಿದ ನೈಲಾನ್ ನೋಡಲು ಚೆನ್ನಾಗಿಯೇ ಇರುತ್ತೆ, ಒಳಗೆ ಸತ್ತಿರುತ್ತೆ. ನಮ್ಮ ಮಳೆಯಲ್ಲಿ ನೆನೆದ ಹಗ್ಗಕ್ಕೂ ಒಣಗುವ ತನಕ ಬಲ ಕಡಿಮೆ.

ಅವತ್ತು ಮಾತು ಸಾಕಾಗಲಿಲ್ಲ. ಹಿತ್ತಲಿನ ಹಲಸಿನ ಮರಕ್ಕೆ ಅವರ ಹಗ್ಗ ಕಟ್ಟಿ, ತುದಿಗೆ ಮರಳಿನ ಚೀಲ ಬಿಗಿದು, ಕೊಂಬೆಯ ಮೇಲಿಂದ ತಳ್ಳಿಸಿದೆ. ಧಡ್ ಅಂತ ನಿಂತಿತು. ಕೊಂಬೆ ಅದುರಿ ಎಲೆ ಉದುರಿತು, ಚೀಲದ ಹೊಲಿಗೆ ಬಿಚ್ಚಿ ಮರಳು ಸುರಿಯಿತು. ಮತ್ತೆ ಹೊಲಿದು ನನ್ನ ಹಗ್ಗಕ್ಕೆ ಕಟ್ಟಿದೆವು. ಈ ಸಲ ಚೀಲ ಕೆಳಗೆ ಹೋಯ್ತು, ಇನ್ನೂ ಸ್ವಲ್ಪ ಹೋಯ್ತು, ತೂಗಾಡುತ್ತಾ ನಿಂತಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಳದಿ ಹಗ್ಗ ಬಿಚ್ಚಿ ಸುತ್ತಿಕೊಂಡ. "ಮನೇಲಿ ಹುಲ್ಲು ಹೊರೆ ಬಿಗಿಯೋಕೆ ಆಗುತ್ತೆ ಸಾರ್" ಅಂದ. ಅದಕ್ಕೆ ಒಳ್ಳೆಯ ಹಗ್ಗ ಅದು.